ಬಿಸಿನೀರಕ್ಕನ ಬಣ್ಣದ ಮುಸುಕು

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಚಾವಣಿ ಕಪ್ಪಾಗಿ ಕಂಡರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ; ಕೆಂಪು, ಹಳದಿ, ನೀಲಿಯಾಗಿ ಕಂಡರೆ ಕೆಲಸವಿಲ್ಲ. ಸುಮಾರು ಒಂದು ವರ್ಷ ನಮ್ಮ ಬೀದಿಯವರು ಚಾವಣಿಯನ್ನು ಹೀಗೆ ಓದುತ್ತಿದ್ದರು. ಕಾರ್ಖಾನೆಗೆ ಹೋಗುವವರು ಹಲ್ಲುಜ್ಜುತ್ತ ಹೊರಗೆ ಬಂದು, ತಲೆ ಎತ್ತಿ ನೋಡಿ, ಬಣ್ಣ ಕಂಡರೆ ಒಳಗೆ ಹೋಗಿ ಮತ್ತೆ ಹೊದ್ದು ಮಲಗುತ್ತಿದ್ದರು. ಮೂಲೆಯ ಟೀ ಅಂಗಡಿಯವನು ಚಾವಣಿ ನೋಡಿಯೇ ಎಷ್ಟು ಹಾಲು ಕಾಯಿಸಬೇಕೆಂದು ನಿರ್ಧರಿಸುತ್ತಿದ್ದ. ಈ ಓದನ್ನು ಬೀದಿಗೆ ಕಲಿಸಿದವಳು ನನ್ನ ಚಿಕ್ಕಮ್ಮ. ಬೇಕೆಂದು ಕಲಿಸಿದ್ದಲ್ಲ. ತನ್ನದೊಂದು ತಪ್ಪಿಗೆ ಬಟ್ಟೆ ಹೊದಿಸಲು ಹೋಗಿ ಕಾರ್ಖಾನೆಯ ನಾಡಿಯನ್ನು ಊರಿಗೆಲ್ಲ ತೋರಿಸಿಬಿಟ್ಟಳು.

ಚಿಕ್ಕಮ್ಮನನ್ನು ಎಲ್ಲರೂ ಬಿಸಿನೀರಕ್ಕ ಎನ್ನುತ್ತಾರೆ. ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಫಲಕಗಳನ್ನು ಮಾಡುವುದು ಅವಳ ಕಸುಬು. ಇವು ಕರೆಂಟು ಕೊಡುವ ಫಲಕಗಳಲ್ಲ. ಗಾಜಿನ ಮುಚ್ಚಳದ ಒಂದು ಚಪ್ಪಟೆ ಪೆಟ್ಟಿಗೆ, ಒಳಗೆ ಕಪ್ಪು ಲೇಪನದ ತಾಮ್ರದ ತಗಡು, ತಗಡಿಗೆ ಅಂಟಿದ ತಾಮ್ರದ ಕೊಳವೆಗಳು. ಬಿಸಿಲು ತಗಡನ್ನು ಕಾಯಿಸುತ್ತದೆ, ತಗಡು ಕೊಳವೆಯಲ್ಲಿನ ನೀರನ್ನು ಕಾಯಿಸುತ್ತದೆ, ಕಾದ ನೀರು ಟ್ಯಾಂಕು ಸೇರುತ್ತದೆ. ಇಷ್ಟು ಸರಳವಾದದ್ದು ಕೆಡುವುದಾದರೆ ಬೆಸುಗೆಯಲ್ಲೇ ಕೆಡಬೇಕು. ಬೆಸುಗೆಯ ವಿಷಯದಲ್ಲಿ ಚಿಕ್ಕಮ್ಮನ ಮುಂದೆ ಮಾತಾಡುವವರು ಕಡಿಮೆ. ಅವಳ ಅಪ್ಪ, ಅಂದರೆ ನನ್ನ ತಾತ, ಫ್ರಿಜ್ ರಿಪೇರಿ ಮಾಡುತ್ತಿದ್ದರು. ಬೇರೆ ಮಕ್ಕಳು ಗೊಂಬೆ ಹಿಡಿಯುವ ವಯಸ್ಸಿನಲ್ಲಿ ಅವಳು ಬೆಸುಗೆ ಕಡ್ಡಿ ಹಿಡಿದವಳು.

ಅವಳ ಕಾರ್ಯಾಗಾರ ಒಂದು ತಗಡಿನ ಶೆಡ್ಡು. ಎಡಕ್ಕೆ ಲೇತ್ ಅಂಗಡಿ, ಬಲಕ್ಕೆ ಟೈರಿನ ಅಂಗಡಿ. ಶೆಡ್ಡು ಅವಳ ಅಣ್ಣನದು, ನಾನು ಮಾವ ಎಂದು ಕರೆಯುವವರದು. ಒಳಗೆ ಕೆಲಸ ಮಾಡುವವರು ಮೂವರು. ಒಬ್ಬಳು ಚಿಕ್ಕಮ್ಮ. ಇನ್ನೊಬ್ಬನನ್ನು ನಾವು ಮೀಸೆ ಎಂದೇ ಕರೆಯುವುದು; ಬೆಸುಗೆಯ ಜ್ವಾಲೆಗೆ ಆಗಾಗ ಒಂದು ಬದಿಯ ಮೀಸೆ ಸುಟ್ಟುಕೊಳ್ಳುತ್ತಿದ್ದ, ಎರಡೂ ಬದಿ ಒಂದೇ ಉದ್ದ ಇದ್ದದ್ದನ್ನು ಆಗ ನಾನು ನೋಡಿರಲಿಲ್ಲ. ಮೂರನೆಯದು ನಾನು. ಬಿ.ಎಸ್ಸಿ. ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಎಂದು ಥರ್ಮಾಮೀಟರ್ ಹಿಡಿದು ನಿಂತವರು ಅಲ್ಲೇ ಉಳಿದುಕೊಂಡೆವು, ನಾನು ಮತ್ತು ಥರ್ಮಾಮೀಟರ್. ಚಿಕ್ಕಪ್ಪ ದರ್ಜಿ. ಲಾರಿಗಳ ಹೊದಿಕೆ, ಚೀಲ, ಡೇರೆ ಹೊಲಿಯುತ್ತಾರೆ. ನಮ್ಮ ಕೆಲಸಕ್ಕೂ ಅವರಿಗೂ ಮೊದಲು ಸಂಬಂಧವಿರಲಿಲ್ಲ.

ಮೊದಲೆಲ್ಲ ನಾವು ಮಾಡುತ್ತಿದ್ದದ್ದು ಮನೆಗಳ ಕೆಲಸ. ಮನೆಗೆ ಸೋಲಾರ್ ಹಾಕಿಸುವವರಿಗೆ ಸರ್ಕಾರ ನೆರವು ಕೊಡುತ್ತದೆ ಎಂದು ಸುದ್ದಿ ಬಂದರೆ ಶೆಡ್ಡಿನ ಮುಂದೆ ಜನ ನಿಲ್ಲುತ್ತಿದ್ದರು. ನೆರವು ಕಡಿಮೆ ಮಾಡಿದರೆ ಜನವೂ ಕಡಿಮೆಯಾಗುತ್ತಿದ್ದರು, ಆದರೂ ಒಬ್ಬಿಬ್ಬರು ಬರುತ್ತಿದ್ದರು. "ನೀತಿ ಬದಲಾಗುತ್ತದಂತೆ, ಹೇಗೆ ಅಂತ ಇನ್ನೂ ಗೊತ್ತಿಲ್ಲವಂತೆ" ಎಂಬ ಸುದ್ದಿ ಬಂದರೆ ಮಾತ್ರ ಒಬ್ಬರೂ ಬರುತ್ತಿರಲಿಲ್ಲ. ಇದು ನನಗೆ ವಿಚಿತ್ರವೆನಿಸುತ್ತಿತ್ತು. ಕೆಟ್ಟ ನಿಯಮಕ್ಕಿಂತ ಬಾರದ ನಿಯಮ ಹೆಚ್ಚು ಕೆಡಿಸುತ್ತಿತ್ತು. ಹಿಂದಿನ ಬೀದಿಯ ನಿವೃತ್ತ ಗುಮಾಸ್ತರು ಇದಕ್ಕೆ ನಮ್ಮ ಖಾಯಂ ಉದಾಹರಣೆ. ವರ್ಷಕ್ಕೆ ನಾಲ್ಕು ಸಲ ಬಂದು ಫಲಕದ ಗಾಜು ತಟ್ಟಿ ನೋಡುತ್ತಿದ್ದರು.

"ಅಕ್ಕ, ಹೊಸ ಪಾಲಿಸಿ ಬರುತ್ತಂತಲ್ಲ?"

"ಬರ್ಲಿ ಸ್ವಾಮಿ. ಅಲ್ಲೀವರೆಗೆ ಸ್ನಾನ?"

"ತಣ್ಣೀರು ಅಭ್ಯಾಸ ಆಗಿದೆ. ಈಗ ಹಾಕಿಸಿ, ನಾಳೆ ನೆರವು ಜಾಸ್ತಿ ಮಾಡಿದ್ರೆ ಹೊಟ್ಟೆ ಉರಿಯಲ್ವಾ?"

"ಹೊಟ್ಟೆ ಉರಿದ್ರೆ ಅದ್ರಲ್ಲೇ ನೀರು ಕಾಯಿಸ್ಕೊಳ್ಳಿ" ಎಂದು ಚಿಕ್ಕಮ್ಮ ಅವರಿಗೆ ಟೀ ತರಿಸುತ್ತಿದ್ದಳು. ಅವರು ಹೋದ ಮೇಲೆ ಮೀಸೆಗೆ ಹೇಳುತ್ತಿದ್ದಳು: "ಎಲ್ರೂ ಸರ್ಕಾರದ ಬಾಯಿ ನೋಡ್ತಾರೆ ಕಣೋ, ಸೂರ್ಯನ ಮುಖ ಒಬ್ರೂ ನೋಡಲ್ಲ."

ಅದಕ್ಕೇ ಅವಳು ಕಾರ್ಖಾನೆಯ ಕಡೆ ತಿರುಗಿದ್ದು. ಆ ವರ್ಷ ಬಟ್ಟೆಗೆ ವಿಪರೀತ ಬೇಡಿಕೆ. ಬಣ್ಣದ ಕಾರ್ಖಾನೆಯಲ್ಲಿ ಎರಡು ಪಾಳಿ ನಡೆಯುತ್ತಿತ್ತು. ಬಣ್ಣದ ತೊಟ್ಟಿಗೆ ಬಿಸಿನೀರು ಸಾಲದೆ ಬಟ್ಟೆ ಸಾಲಾಗಿ ಕಾಯುತ್ತಿತ್ತು. ಇದ್ದ ಒಂದು ಬಾಯ್ಲರ್ ಏದುಸಿರು ಬಿಡುತ್ತಿತ್ತು. ಕಾರ್ಖಾನೆಯ ಧಣಿ, ದಪ್ಪ ಕನ್ನಡಕದ, ಮಾತಿಗೆ ಮೊದಲು ಕೆಮ್ಮುವ ಮನುಷ್ಯ, ಚಿಕ್ಕಮ್ಮನನ್ನು ಕರೆಸಿ ಚಾವಣಿ ತೋರಿಸಿದರು. ನೀರು ಬಾಯ್ಲರಿಗೆ ಹೋಗುವ ಮೊದಲೇ ಬಿಸಿಲಿನಲ್ಲಿ ಕಾದುಬಿಟ್ಟರೆ ಬಾಯ್ಲರಿನ ಕೆಲಸ ಅರ್ಧವಾಗುತ್ತದೆ. ಯಾವ ನೀತಿಯ ಮಾತೂ ಅಲ್ಲಿ ಬರಲಿಲ್ಲ. ಬೇಡಿಕೆ ಇತ್ತು, ಬಿಸಿಲು ಇತ್ತು. ಚಾವಣಿ ತುಂಬ ಫಲಕ ಹಾಕಿದೆವು. ಅಷ್ಟು ದೊಡ್ಡ ಕೆಲಸವನ್ನು ನಮ್ಮ ಸುತ್ತಿನಲ್ಲಿ ಯಾರೂ ಮಾಡಿರಲಿಲ್ಲ. ಚಿಕ್ಕಮ್ಮ ಅದಕ್ಕೆಂದೇ ಹೊಸ ಬಗೆಯ ಕಪ್ಪು ಲೇಪನ ತರಿಸಿದ್ದಳು. ಅದು ಬಿಸಿಲನ್ನು ಹೀರುತ್ತದೆ, ಹೀರಿದ್ದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೀರು ಕಾದದ್ದನ್ನು ಮುಟ್ಟಿ ನೋಡಿದ ಬಾಯ್ಲರಿನವನು ಕೈ ಕೊಡವಿಕೊಂಡು, "ಅಕ್ಕ, ಇನ್ಮೇಲೆ ನಾನು ಮಲಗ್ಬಹುದು" ಎಂದ.

ತಪ್ಪು ಆದದ್ದು ಇಲ್ಲಿ. ಮನೆಗಳಿಗೆ ಮಾಡುವವರು ಮಾತ್ರ ಮಾಡಬಹುದಾದ ತಪ್ಪು ಅದು. ಫ್ರಿಜ್ಜಿನ ಕೊಳವೆಗೆ ಗಟ್ಟಿ ಬೆಸುಗೆ, ಅಂದರೆ ತಾಮ್ರ ಕೆಂಪಾಗುವಷ್ಟು ಕಾಯಿಸಿ ಹಾಕುವ ಬೆಸುಗೆ ಬೇಕು. ಬಿಸಿನೀರಿನ ಕೊಳವೆಗೆ ತವರದ ಮೆತ್ತನೆಯ ಬೆಸುಗೆ ಸಾಕು, ಬೇಗ ಆಗುತ್ತದೆ, ತೆಳು ತಗಡು ಸೊಟ್ಟಗಾಗುವುದಿಲ್ಲ. ನೀರು ಎಷ್ಟು ಕುದಿದರೂ ತವರ ಕರಗುವ ಮಟ್ಟಕ್ಕೆ ಹೋಗದು. ಇದು ನಿಜವೇ, ಆದರೆ ಕೊಳವೆಯಲ್ಲಿ ನೀರು ಇರುವವರೆಗೆ. ಮನೆ ಎಂದರೆ ದಿನವೂ ಯಾರಾದರೂ ಸ್ನಾನ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾರೆ. ಬಿಸಿ ಖರ್ಚಾಗುತ್ತಲೇ ಇರುತ್ತದೆ. ಇಡೀ ಕಾರ್ಖಾನೆಯೊಂದು ಒಂದು ದಿನ ಬಿಸಿನೀರು ಬೇಡ ಎಂದುಬಿಡಬಹುದು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮರುವರ್ಷ ಬೇಡಿಕೆ ಕುಸಿಯಿತು. ಬಟ್ಟೆಯ ಮೇಲಿನ ತೆರಿಗೆ ಬದಲಾಗುತ್ತದೆ ಎಂದು ದೊಡ್ಡ ಖರೀದಿದಾರರು ಖರೀದಿ ನಿಲ್ಲಿಸಿ ಕಾದು ಕುಳಿತರು. ಎರಡು ಪಾಳಿ ಒಂದಾಯಿತು. ಒಂದೂ ಬಿಟ್ಟು ಬಿಟ್ಟು ನಡೆಯತೊಡಗಿತು. ಒಮ್ಮೆ ಒಂದು ವಾರವಿಡೀ ಬಾಗಿಲು ಹಾಕಿದರು, ಪಂಪು ನಿಲ್ಲಿಸಿದರು. ಆ ವಾರ ಮೋಡವೇ ಇಲ್ಲ. ಫಲಕಗಳಲ್ಲಿನ ನೀರು ಕುದಿದು ಆವಿಯಾಗಿ ಹೋಯಿತು. ಒಣ ತಾಮ್ರ ಕಾಯುತ್ತಲೇ ಹೋಯಿತು. ನಾವು ಹೆಮ್ಮೆಯಿಂದ ಹಾಕಿದ ಹೊಸ ಲೇಪನ ಬಿಸಿಯನ್ನು ಹಿಡಿದು ಕೂತಿತು. ತವರ ಕರಗಿತು. ಮುಂದಿನ ವಾರ ಕಾರ್ಖಾನೆ ತೆರೆದು ಪಂಪು ಹಾಕಿದ ಕೂಡಲೇ ಚಾವಣಿಯಿಂದ ನೀರು ಇಳಿದು, ಒಣಗಲು ಹಾಕಿದ್ದ ಬಿಳಿ ಬಟ್ಟೆಯ ಮೇಲೆ ಸುರಿಯಿತು.

ಚಿಕ್ಕಮ್ಮ ಒಂದು ಫಲಕ ಬಿಚ್ಚಿ ನೋಡಿದಳು. ಬೆಸುಗೆ ಇರಬೇಕಾದಲ್ಲಿ ಸಂದು, ಕೆಳಗಿನ ತಗಡಿನ ಮೇಲೆ ತವರದ ಮಣಿಗಳು. ಒಂದು ಮಣಿಯನ್ನು ಉಗುರಿನಿಂದ ಕಿತ್ತು ನನ್ನ ಅಂಗೈಗೆ ಹಾಕಿದಳು.

"ನೋಡು. ಬಿಸಿ ಕಡಿಮೆ ಆಗಿ ಕೆಟ್ಟಿದ್ದಲ್ಲ. ಯಾರೂ ಬೇಡ ಅಂದಿದ್ದಕ್ಕೆ ಕೆಟ್ಟಿದ್ದು."

ಧಣಿ ಕೆಮ್ಮಿ, ಒದ್ದೆ ಬಟ್ಟೆಯ ರಾಶಿ ತೋರಿಸಿ, ಹೇಳಬೇಕಾದದ್ದನ್ನೆಲ್ಲ ಹೇಳಿದರು. ಕೊನೆಗೆ, "ಎಲ್ಲಾ ಕಿತ್ತು ತಗೊಂಡ್ಹೋಗಮ್ಮ. ಇಲ್ಲಿಗೆ ಗ್ಯಾಸ್ ಪೈಪು ಬರುತ್ತಂತೆ. ಕಾರ್ಖಾನೆಗಳಿಗೆ ಗ್ಯಾಸಿಗೆ ರಿಯಾಯಿತಿನೋ, ಸೋಲಾರಿಗೆ ರಿಯಾಯಿತಿನೋ, ಹೊಸ ಪಾಲಿಸಿಲಿ ಹೇಳ್ತಾರಂತೆ. ನಾನ್ಯಾಕೆ ಈಗ್ಲೇ ಒಂದಕ್ಕೆ ಜೋತು ಬೀಳ್ಲಿ?" ಎಂದರು.

"ಪಾಲಿಸಿ ಬರೋವರೆಗೆ ಇರ್ಲಿ ಧಣಿ" ಎಂದಳು ಚಿಕ್ಕಮ್ಮ. "ಕೆಟ್ಟಿದ್ದೆಲ್ಲ ನಾನೇ ಸರಿ ಮಾಡ್ತೀನಿ. ಒಂದು ಹನಿ ನೀರು ಕೆಳಗೆ ಬಿದ್ರೆ ಆವತ್ತೇ ಇಳಿಸ್ತೀನಿ. ಪಾಲಿಸಿ ಗ್ಯಾಸಿನ ಕಡೆ ಬಂದ್ರೂ ಇಳಿಸ್ತೀನಿ."

ಧಣಿ ಒಪ್ಪಿದರು. ಸರ್ಕಾರದ ನಿಧಾನ ಚಿಕ್ಕಮ್ಮನಿಗೆ ಅನುಕೂಲವಾದದ್ದು ಅದೇ ಮೊದಲು.

ಆದರೆ ಮಾವನಿಗೆ ಸುದ್ದಿ ಮುಟ್ಟಿತ್ತು. ಸಂಜೆ ಶೆಡ್ಡಿಗೆ ಬಂದರು. ಮನೆಗಳ ಕೆಲಸ ನಿಂತು ಹೋಗಿದೆ, ಕಾರ್ಖಾನೆಯ ಕೆಲಸ ಸೋರಿದೆ, ಶೆಡ್ಡನ್ನು ಗೋದಾಮಿಗೆ ಕೇಳುವವರು ಬಂದಿದ್ದಾರೆ. ಮಾವ ಒಳ್ಳೆಯವರೇ, ತಂಗಿಯ ಮುಖ ನೋಡದೆ, ಗ್ಯಾಸ್ ಸಿಲಿಂಡರ್ ನೋಡುತ್ತ ಮಾತಾಡಿದರು.

"ಆ ಚಾವಣಿ ಮೇಲೆ ನಿನ್ನ ಫಲಕ ಇರೋವರೆಗೆ ಶೆಡ್ಡು ನಿಂದು. ಊರಿಗೆ ತೋರಿಸೋಕೆ ಅದೊಂದಾದ್ರೂ ಇರುತ್ತೆ. ಅದು ಇಳಿದ ದಿನ ಬೀಗದ ಕೈ ನನಗೆ ಕೊಡು. ಕಿಟಕಿ ಗ್ರಿಲ್ ಮಾಡೋರ ಹತ್ರ ನಿನಗೆ ಕೆಲಸ ಮಾತಾಡಿದೀನಿ."

"ಗ್ರಿಲ್ಲಾ?" ಎಂದಳು ಚಿಕ್ಕಮ್ಮ.

"ಗ್ರಿಲ್ಲಿಗೆ ಏನಾಗಿದೆ? ಯಾವ ಪಾಲಿಸಿನೂ ಬೇಡ. ಕಳ್ಳರು ಯಾವಾಗ್ಲೂ ಇರ್ತಾರೆ."

ಮೀಸೆ ನಕ್ಕುಬಿಟ್ಟ. ಚಿಕ್ಕಮ್ಮ ನಗಲಿಲ್ಲ. ಮರುದಿನದಿಂದಲೇ ಚಾವಣಿ ಹತ್ತಿದೆವು.

ಒಂದೊಂದೇ ಫಲಕ ಬಿಚ್ಚಿ, ಹಳೆಯ ತವರ ಕೆರೆದು, ಗಟ್ಟಿ ಬೆಸುಗೆ ಹಾಕಬೇಕು. ತೆಳು ತಗಡು ಸೊಟ್ಟಗಾಗದಂತೆ ಚಿಕ್ಕಮ್ಮ ಒಂದು ಉಪಾಯ ಮಾಡಿದಳು. ಬೆಸುಗೆಯ ಎರಡೂ ಬದಿಗೆ ಒದ್ದೆ ಬಟ್ಟೆ ಸುತ್ತಿ, ನಡುವೆ ಬೆರಳಗಲ ಜಾಗದಲ್ಲಿ ಮಾತ್ರ ಜ್ವಾಲೆ ಆಡಿಸುವುದು. ಬಟ್ಟೆ ಒಣಗುವುದರೊಳಗೆ ಕೆಲಸ ಮುಗಿಯಬೇಕು. ಬೆಳಗ್ಗೆ ಬಿಸಿಲೇರುವ ಮೊದಲು ಶುರು ಮಾಡಿ, ಚಾವಣಿ ಕಾಲು ಸುಡುವಾಗ ಇಳಿಯುತ್ತಿದ್ದೆವು. ಮೀಸೆಯ ಎಡ ಬದಿ ಆಗಲೇ ಹೋಗಿತ್ತು, ಆ ತಿಂಗಳು ಬಲ ಬದಿಯೂ ಹೋಗಿ, ಮೊದಲ ಸಲ ಎರಡೂ ಸಮವಾಯಿತು. "ಪರವಾಗಿಲ್ಲ, ಹೆಂಡ್ತಿಗೆ ನಾನು ಚಿಕ್ಕವನಂಗೆ ಕಾಣ್ತಿದೀನಂತೆ" ಎಂದ.

ಗಟ್ಟಿ ಬೆಸುಗೆ ಕರಗುವುದಿಲ್ಲ. ಆದರೆ ಒಣ ಫಲಕ ಅಷ್ಟು ಕಾದರೆ ಗಾಜಿನ ಅಂಚಿನ ರಬ್ಬರು, ಹಿಂದಿನ ಬಿಸಿ ತಡೆಯುವ ಉಣ್ಣೆಯ ಪದರ, ಲೇಪನ ಎಲ್ಲವೂ ದಿನದಿಂದ ದಿನಕ್ಕೆ ಹಾಳಾಗುತ್ತವೆ. ಆದ್ದರಿಂದ ಕಾರ್ಖಾನೆ ನಿಂತ ದಿನ ಫಲಕಕ್ಕೆ ಬಿಸಿಲೇ ತಾಗಬಾರದು. ಇಲ್ಲಿ ಚಿಕ್ಕಪ್ಪನ ಪ್ರವೇಶವಾಯಿತು. ಕಾರ್ಖಾನೆಯ ಹಿಂದೆ ಬಣ್ಣ ಸರಿಯಾಗಿ ಹಿಡಿಯದೆ ತಿರಸ್ಕೃತವಾದ ಬಟ್ಟೆಯ ಗುಡ್ಡವಿತ್ತು. ಧಣಿ "ಒಯ್ಯಿರಿ" ಎಂದರು. ಚಿಕ್ಕಪ್ಪ ಎರಡು ಪದರ ಸೇರಿಸಿ, ಅಂಚಿಗೆ ದಾರ ಪೋಣಿಸಿ, ಫಲಕದ ಅಳತೆಗೆ ಮುಸುಕುಗಳನ್ನು ಹೊಲಿದರು. ಒಂದು ಕೆಂಪು, ಒಂದು ಹಳದಿ, ಒಂದು ಅತ್ತ ನೀಲಿಯೂ ಅಲ್ಲದ ಇತ್ತ ಹಸಿರೂ ಅಲ್ಲದ ಬಣ್ಣ.

"ನನ್ನ ಹೆಂಡ್ತಿ ಸೂರ್ಯನಿಗೆ ಅಂತ ಪೆಟ್ಟಿಗೆ ಮಾಡ್ತಾಳೆ, ನಾನು ಸೂರ್ಯ ಬರಬಾರದು ಅಂತ ಚೀಲ ಹೊಲೀತೀನಿ" ಎಂದು ಅವರು ಹೊಲಿಗೆ ಯಂತ್ರಕ್ಕೆ ಹೇಳಿಕೊಂಡರು. "ಚೆನ್ನಾಗಿದೆ ಸಂಸಾರ."

ಕಾರ್ಖಾನೆ ನಿಲ್ಲುವ ಸಂಜೆ ಹೊದಿಸುವುದು, ತೆರೆಯುವ ಬೆಳಗ್ಗೆ ತೆಗೆಯುವುದು. ಹೀಗೆ ಒಂದು ಪದ್ಧತಿ ಹುಟ್ಟಿತು. ಬೀದಿ ಅದನ್ನು ಓದಲು ಕಲಿತದ್ದೂ ಹೀಗೆ. ಬಣ್ಣದ ದಿನಗಳು ಹೆಚ್ಚಾಗುತ್ತ ಹೋದವು. ನಾನು ಚಾವಣಿಯ ಅಂಚಿನಲ್ಲಿ ನಿಂತು ನೋಡಿದರೆ ಕೆಳಗೆ ಬಾಗಿಲುಗಳಿಂದ ತಲೆಗಳು ಹೊರಬಂದು, ಮೇಲೆ ನೋಡಿ, ಒಳಗೆ ಹೋಗುತ್ತಿದ್ದವು. ಬಿಸಿಲಿನ ಬೇಡಿಕೆ ಎಂದರೆ ಬಿಸಿಲಿನ ಲೆಕ್ಕವಲ್ಲ, ಕೆಳಗಿನ ತೊಟ್ಟಿಗಳ ಲೆಕ್ಕ ಎಂಬುದು ನನಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ತಿಳಿಯಿತು. ಸೂರ್ಯ ದಿನವೂ ಅಷ್ಟೇ ಕೊಡುತ್ತಿದ್ದ. ತೆಗೆದುಕೊಳ್ಳುವವರು ಇಲ್ಲದ ದಿನ ನಾವೇ ಅವನ ಮುಖಕ್ಕೆ ಬಟ್ಟೆ ಹಾಕುತ್ತಿದ್ದೆವು.

ಹೀಗಿರುವಾಗ ಪರವೂರಿನಿಂದ ಇಬ್ಬರು ಬಟ್ಟೆ ಖರೀದಿದಾರರು ಬಂದರು. ಕಾರ್ಖಾನೆ ನೋಡುವ ಮೊದಲು ಅವರು ಮೂಲೆಯಲ್ಲಿ ಟೀ ಕುಡಿದರು. ಟೀ ಅಂಗಡಿಯವನು ಉಪಕಾರ ಮಾಡುವ ಉತ್ಸಾಹದಲ್ಲಿ, "ಇವತ್ತು ಹೋಗಬೇಡಿ ಸಾರ್, ಚಾವಣಿ ಬಣ್ಣಬಣ್ಣ. ಈ ತಿಂಗಳು ಬರೀ ಬಣ್ಣನೇ" ಎಂದು ಎಲ್ಲವನ್ನೂ ವಿವರಿಸಿದ. ಅವರು ಟೀ ಮುಗಿಸಿ ಹಾಗೆಯೇ ತಿರುಗಿ ಹೋದರು. ಕಾರ್ಖಾನೆಗೆ ಕೆಲಸವಿಲ್ಲ ಎಂದರೆ ಏನೋ ಲೋಪವಿರಬೇಕು ಎಂದುಕೊಂಡರಂತೆ.

ಧಣಿ ಅಂದು ಕೆಮ್ಮಲೂ ಇಲ್ಲ. ಸೀದಾ ಶೆಡ್ಡಿಗೇ ಬಂದರು.

"ನನ್ನ ಮಾನ ತಗೊಂಡ್ಹೋಗಿ ಚಾವಣಿ ಮೇಲೆ ಒಣಗಿಸಿದೀಯಲ್ಲಮ್ಮ! ಪಾಲಿಸಿ ಗೀಲಿಸಿ ಇನ್ನು ಕಾಯಲ್ಲ. ಈ ವಾರ ಕಳೀಲಿ, ಬರೋ ಸೋಮವಾರ ಅದೆಲ್ಲ ಅಲ್ಲಿರಬಾರದು."

"ಬಟ್ಟೆ ಇರಬಾರದೋ, ಫಲಕ ಇರಬಾರದೋ?"

"ಬಟ್ಟೆ ಕಾಣಬಾರದು! ಬಟ್ಟೆ ಇಲ್ಲದೆ ಫಲಕ ಕೆಡುತ್ತೆ ಅಂತ ನೀನೇ ಹೇಳ್ತೀಯ. ಅಂದ್ಮೇಲೆ ಎರಡೂ ಇರಬಾರದು."

ಅವರು ಹೋದರು. ಫಲಕ ಇಳಿದರೆ ಬೀಗದ ಕೈ ಮಾವನಿಗೆ. ಮೀಸೆ ಜ್ವಾಲೆ ಆರಿಸಿದ. ಚಿಕ್ಕಮ್ಮ ಎದ್ದು, "ಯಾಕೆ ಆರಿಸಿದೆ? ಅರ್ಧ ಬೆಸುಗೆ ಬಿಡ್ತಾರಾ ಯಾರಾದ್ರೂ?" ಎಂದಳು. ಅವನು ಮತ್ತೆ ಹಚ್ಚಿದ. ಅವಳು ಒಬ್ಬಳೇ ಕಾರ್ಖಾನೆಯ ಚಾವಣಿ ಹತ್ತಿ ಹೋದಳು. ಸ್ವಲ್ಪ ಬಿಟ್ಟು ನಾನೂ ಹೋದೆ.

ಅವಳು ಫಲಕಗಳ ಕಡೆ ಬೆನ್ನು ಮಾಡಿ ನಿಂತಿದ್ದಳು. ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಇಲ್ಲ. ಆದರೆ ಗಲ್ಲಿಯಾಚೆ ಒಂದು ಗಿಡ್ಡ ಶೆಡ್ಡಿನ ಮೇಲೆ ಕರಿ ಹೊಗೆ ದಟ್ಟವಾಗಿ ಏಳುತ್ತಿತ್ತು.

"ಅದು ಯಾರದು?"

"ಬಾಟಲಿ ಅಜ್ಜಿದು. ಔಷಧಿ, ಷರಬತ್ತಿನ ಖಾಲಿ ಬಾಟಲಿ ತೊಳೆದು ಕೊಡ್ತಾರೆ."

"ಏನಲ್ಲಿ ತೊಳೀತಾರೆ?"

"ಬಿಸಿನೀರಲ್ಲಿ" ಎಂದೆ. ಎಂದ ಮೇಲೆ ನನಗೂ ಅರ್ಥವಾಯಿತು.

ವರ್ಷವಿಡೀ ನಾವು ಬಟ್ಟೆ ಹೊದಿಸುತ್ತಿದ್ದದ್ದು ಹೊಗೆಯ ಎದುರಿಗೇ. ಆ ಹೊಗೆ ಕಣ್ಣಿಗೆ ಹೋಗುತ್ತದೆ ಎಂದು ಬೈದುಕೊಂಡೂ ಇದ್ದೆವು. ಚಿಕ್ಕಮ್ಮ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಬಾಟಲಿ ಅಜ್ಜಿಗೆ ಕಿವಿ ಮಂದ, ಬಾಯಿ ಜೋರು. ಮುರಿದ ಪೆಟ್ಟಿಗೆಗಳ ಹಲಗೆ ಉರಿಸಿ ದೊಡ್ಡ ಹಂಡೆಗಳಲ್ಲಿ ನೀರು ಕಾಯಿಸುತ್ತಿದ್ದಳು. ಹೊಗೆಯಲ್ಲಿ ನಿಂತು ನಿಂತು ಅವಳ ಕಣ್ಣು ಸದಾ ಕೆಂಪು. ಜ್ವರದ ಕಾಲವೋ, ಸೆಕೆಗಾಲವೋ, ಔಷಧಿಯೂ ಷರಬತ್ತೂ ಒಂದರ ಹಿಂದೆ ಒಂದು ಓಡುತ್ತಲೇ ಇರುವುದರಿಂದ ಅವಳ ಕೆಲಸ ನಿಲ್ಲುವುದಿಲ್ಲ. ಚಿಕ್ಕಮ್ಮ ಹೇಳಿದ್ದನ್ನೆಲ್ಲ ಕೇಳಿ ಅವಳು ಸೊಂಟಕ್ಕೆ ಕೈ ಇಟ್ಟಳು.

"ಬಣ್ಣದ ಕಾರ್ಖಾನೆ ನೀರಾ? ನನ್ನ ಬಾಟಲಿ ಎಲ್ಲಾ ಗುಲಾಬಿ ಆದ್ರೆ?"

"ಬಣ್ಣ ಹಾಕೋದು ತೊಟ್ಟಿಲಿ ಅಜ್ಜಿ. ಚಾವಣಿ ನೀರಿಗೆ ಬಣ್ಣ ಮುಟ್ಟಿರಲ್ಲ."

"ಎಲ್ರೂ ಹಂಗೇ ಅಂತಾರೆ. ತಗೊಂಬಾ, ನೋಡ್ತೀನಿ."

ನಾನು ಓಡಿ ಹೋಗಿ ಟ್ಯಾಂಕಿನಿಂದ ಒಂದು ಬಾಟಲಿ ನೀರು ತಂದೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಕುಲುಕಿದಳು, ಬಿಳಿ ಸೆರಗಿಗೆ ಸ್ವಲ್ಪ ಸುರಿದುಕೊಂಡು ನೋಡಿದಳು. ಆಮೇಲೆ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡಳು. ಇನ್ನೂ ಬೆಚ್ಚಗಿತ್ತು.

"ಹೊಗೆ ಇರಲ್ವಾ?"

"ಇರಲ್ಲ."

"ಹಂಗಾದ್ರೆ ಗುಲಾಬಿ ಬಂದ್ರೂ ಪರವಾಗಿಲ್ಲ, ಪೈಪು ಹಾಕು" ಎಂದಳು.

ಧಣಿಯನ್ನು ಒಪ್ಪಿಸುವುದು ಇನ್ನೂ ಸುಲಭವಾಯಿತು. ಕಾರ್ಖಾನೆ ನಡೆಯುವ ದಿನ ನೀರು ಅವರಿಗೆ. ನಿಂತ ದಿನ ಕೊಳವೆಯಲ್ಲಿನ ಒಂದು ವಾಲ್ವಿನ ತಿರುಪು ತಿರುಗಿಸಿದರೆ ಗಲ್ಲಿಯಾಚೆಗೆ. ಅದಕ್ಕೆ ಅಜ್ಜಿ ಕೊಡುವ ದುಡ್ಡು ಧಣಿಗೆ. ಅವರು ಅದನ್ನೆಲ್ಲ ಕೇಳಿಸಿಕೊಂಡಂತೆ ಕಾಣಲಿಲ್ಲ. ಒಂದೇ ಪ್ರಶ್ನೆ ಕೇಳಿದರು:

"ಅಂದ್ರೆ ಚಾವಣಿ ಯಾವಾಗ್ಲೂ ಕಪ್ಪಗೇ ಇರುತ್ತಾ?"

"ಯಾವಾಗ್ಲೂ ಕಪ್ಪಗೇ ಇರುತ್ತೆ ಧಣಿ."

ಅವರು ತೃಪ್ತಿಯಿಂದ ಕೆಮ್ಮಿದರು. "ಸೋಮವಾರದವರೆಗೆ ನೋಡೋಣ. ಕೆಲಸ ಮಾಡದಿದ್ರೆ ಇಳಿಸ್ಬೇಕು."

ವಾರದ ಉಳಿದ ದಿನಗಳಲ್ಲಿ ಗಲ್ಲಿಯ ಮೇಲೆ ಕೊಳವೆ ಹಾಯಿಸಿದೆವು. ಲಾರಿ ತಾಗದಷ್ಟು ಎತ್ತರಕ್ಕೆ ಕಬ್ಬಿಣದ ಕಮಾನು ಕಟ್ಟಿದೆವು. ಬಿಸಿ ದಾರಿಯಲ್ಲಿ ಸೋರಿಹೋಗದಂತೆ ಕೊಳವೆಗೆ ದಪ್ಪ ಹೊದಿಕೆ ಬೇಕಿತ್ತು. ಚಿಕ್ಕಪ್ಪ ಅರ್ಧದಷ್ಟು ಮುಸುಕುಗಳನ್ನು ಕತ್ತರಿಸಿ, ಒಳಗೆ ಹತ್ತಿ ತುಂಬಿ, ಉದ್ದನೆಯ ತೋಳಿನಂತೆ ಹೊಲಿದು ತಂದರು. ಉಳಿದರ್ಧವನ್ನು ಚಿಕ್ಕಮ್ಮ ಕತ್ತರಿಸಲು ಬಿಡಲಿಲ್ಲ. ಕೆಲಸ ಮಾಡದಿದ್ದರೆ ಹೊದಿಸಲು ಬೇಕಲ್ಲ.

ಸೋಮವಾರ ಕಾರ್ಖಾನೆಗೆ ರಜೆ. ಮೋಡವಿಲ್ಲ. ತಿರುಪು ಗಲ್ಲಿಯ ಕಡೆಗೆ ತಿರುಗಿಸಿ ಫಲಕಗಳ ಮುಸುಕು ತೆಗೆದೆವು. ಚಿಕ್ಕಮ್ಮ ಚಾವಣಿಯ ಮೇಲೆ ಮಡಿಸಿದ ಮುಸುಕುಗಳ ರಾಶಿಯ ಪಕ್ಕ ಕುಳಿತಳು. ನಾನು ಹೊರಹೋಗುವ ಕೊಳವೆಗೆ ಥರ್ಮಾಮೀಟರ್ ಹಚ್ಚಿ ಕೂಗಿ ಹೇಳುತ್ತಿದ್ದೆ. ಬೆಳಗ್ಗೆಲ್ಲ ಸರಿಯಾಗಿತ್ತು. ಗಲ್ಲಿಯಾಚೆ ಬಾಟಲಿಗಳ ಸದ್ದು, ಹೊಗೆಯಿಲ್ಲದ ಶೆಡ್ಡು. ಮಾವ ಕೆಳಗೆ ಬಂದು ನಿಂತಿದ್ದರು, ಜೊತೆಗೆ ಗೋದಾಮಿನವನೂ ಇದ್ದ. ಧಣಿ ತಮ್ಮ ಕಿಟಕಿಯಿಂದ ನೋಡುತ್ತಿದ್ದರು.

ಸೂರ್ಯ ನೆತ್ತಿಗೆ ಬಂದಾಗ ಅಂಕಿ ಇದ್ದಕ್ಕಿದ್ದಂತೆ ಏರತೊಡಗಿತು.

"ಏರ್ತಿದೆ ಚಿಕ್ಕಮ್ಮ. ಇನ್ನೂ ಏರ್ತಿದೆ."

ಗಲ್ಲಿಯಾಚೆ ಬಾಟಲಿಗಳ ಸದ್ದು ನಿಂತಿತ್ತು. ಮೀಸೆ ಒಂದು ಮುಸುಕು ಎತ್ತಿಕೊಂಡ. ಚಿಕ್ಕಮ್ಮ ಅದರ ತುದಿಯ ಮೇಲೆ ಕಾಲಿಟ್ಟಳು. ಚಾವಣಿಯ ಅಂಚಿಗೆ ಹೋಗಿ ಬಾಯಿಗೆ ಎರಡೂ ಕೈ ಹಿಡಿದಳು.

"ಅಜ್ಜೀ! ನೀರು ಯಾಕೆ ನಿಲ್ಲಿಸಿದ್ರಿ?"

"ಊಟ ಮಾಡ್ತಿದೀವಿ!"

"ಬಾಟಲಿ ತೊಳೀರಿ ಅಜ್ಜಿ!"

"ತುತ್ತು ಬಾಯಲ್ಲಿದೆ ಕಣೇ!"

"ತುತ್ತು ನುಂಗಿ, ತಿರುಪು ತೆಗೀರಿ! ಖಾಲಿ ಹಂಡೆ ಎಲ್ಲಾ ತುಂಬಿಸ್ಕೊಳ್ಳಿ, ಮಧ್ಯಾಹ್ನಕ್ಕೆ ಆಗುತ್ತೆ!"

ಕೆಳಗೆ ಅಜ್ಜಿ ಬೈಯುತ್ತ ಏಳುವುದು ಕೇಳಿಸಿತು. ಹಂಡೆಗೆ ನೀರು ಬೀಳುವ ಸದ್ದು ಬಂತು. ಒಂದು ಹಂಡೆ, ಇನ್ನೊಂದು, ಆಮೇಲೆ ಅಜ್ಜಿ ಮನೆಯಿಂದ ತರಿಸಿದ ಬಾನಿ. ಅಂಕಿ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಅಲುಗಾಡಿತು. ಮೆಲ್ಲಗೆ ಇಳಿಯಿತು. ನಾನು ಹೇಳುವ ಮೊದಲೇ ಚಿಕ್ಕಮ್ಮ ನನ್ನ ಮುಖ ನೋಡಿ ತಿಳಿದುಕೊಂಡಳು. ಸಂಜೆಯವರೆಗೆ ಅಲ್ಲಿಂದ ಏಳಲಿಲ್ಲ; ಅವಳ ಊಟ ಚಾವಣಿಗೇ ಹೋಯಿತು. ಮರುದಿನ ಅಜ್ಜಿಯ ಶೆಡ್ಡಿನ ಮೇಲೊಂದು ದೊಡ್ಡ ಟ್ಯಾಂಕು ಕೂರಿಸಿ, ಊಟದ ಹೊತ್ತಿನ ಬಿಸಿಗೂ ಒಂದು ಜಾಗ ಮಾಡಿದೆವು.

ಆ ಸೋಮವಾರ ಸಂಜೆ ಇಳಿದು ಬಂದಾಗ ಟೀ ಅಂಗಡಿಯ ರೇಡಿಯೋ ಇಂಧನ ನೀತಿಯ ವಿಷಯ ಹೇಳುತ್ತಿತ್ತು. ಮೀಸೆ ಓಡಿ ಹೋಗಿ ಕೇಳಿ ಬಂದ.

"ಏನಂತೆ?"

"ಗ್ಯಾಸಿಗೋ ಸೋಲಾರಿಗೋ ಅಂತ ಅಧ್ಯಯನ ಮಾಡೋಕೆ ಇನ್ನೊಂದು ಸಮಿತಿ ಮಾಡಿದಾರಂತೆ."

"ಮಾಡ್ಲಿ" ಎಂದಳು ಚಿಕ್ಕಮ್ಮ. "ನಾಳೆ ಅಜ್ಜಿ ಟ್ಯಾಂಕಿಗೆ ದಪ್ಪ ಕೊಳವೆ ಬೇಕು, ಲೇತ್ ಅಂಗಡಿಯವನಿಗೆ ಹೇಳಿದೀಯಾ?"

ಮಾವ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಗೋದಾಮಿನವನು ಇರಲಿಲ್ಲ.

"ಅವನಿಗೆ ಆ ಕಡೆ ಬೇರೆ ಶೆಡ್ಡು ತೋರಿಸಿ ಕಳಿಸಿದೆ" ಎಂದರು, ಈ ಸಲವೂ ಸಿಲಿಂಡರ್ ನೋಡುತ್ತ. "ಏನ್ ಕೂಗ್ತೀಯೇ ನೀನು! ಎರಡು ಬೀದಿಗೆ ಕೇಳಿಸ್ತು."

"ಗ್ರಿಲ್ ಕೆಲಸದವರಿಗೆ ಏನ್ ಹೇಳ್ತೀಯ?"

"ನನ್ ತಂಗಿಗೆ ಬಿಡುವಿಲ್ಲ ಅಂತೀನಿ. ಇನ್ನೇನ್ ಹೇಳ್ಲಿ?"

ಮನೆಗಳ ಬೇಡಿಕೆ ಮೊದಲಿನಂತೆ ಬರಲಿಲ್ಲ, ಈಗಲೂ ಬಂದಿಲ್ಲ. ನಾವು ಎರಡನೆಯ ಚಾವಣಿಯ ಮಾತೆತ್ತಿದರೆ ಧಣಿ ಈಗಲೂ ಸಮಿತಿಯ ಕಡೆ ಬೆರಳು ತೋರಿಸುತ್ತಾರೆ. ಆದರೆ ಬೇರೆ ಎರಡು ಕಾರ್ಖಾನೆಯವರು ಬಂದು ಕೊಳವೆ ನೋಡಿಕೊಂಡು ಹೋಗಿ ಕೆಲಸ ಕೊಟ್ಟರು. ಚಿಕ್ಕಮ್ಮ ಈಗ ಯಾವ ಚಾವಣಿ ಹತ್ತಿದರೂ ಮೊದಲು ಸುತ್ತಮುತ್ತಲ ಹೊಗೆ ನೋಡುತ್ತಾಳೆ. ಮಿಕ್ಕ ಮುಸುಕುಗಳಿಂದ ಚಿಕ್ಕಪ್ಪ ಅಜ್ಜಿಯ ಟ್ಯಾಂಕಿಗೆ ಅಂಗಿ ಹೊಲಿದರು. ಈ ಬದಲಾವಣೆಯಿಂದ ನಷ್ಟವಾದದ್ದು ಟೀ ಅಂಗಡಿಯವನೊಬ್ಬನಿಗೆ. ಚಾವಣಿ ಯಾವಾಗಲೂ ಕಪ್ಪು. ಎಷ್ಟು ಹಾಲು ಕಾಯಿಸಬೇಕೆಂದು ತಿಳಿಯದೆ ನಮ್ಮನ್ನು ಬೈಯುತ್ತಾನೆ.

ಮೊನ್ನೆ ನಿವೃತ್ತ ಗುಮಾಸ್ತರು ಮತ್ತೆ ಬಂದು ಗಾಜು ತಟ್ಟಿದರು.

"ಅಕ್ಕ, ಹೊಸ ಪಾಲಿಸಿ..."

"ಅದು ಇರ್ಲಿ ಸ್ವಾಮಿ. ನಿಮ್ಮ ಪಕ್ಕದ ಮನೇಲಿ ಎಷ್ಟು ಜನ ಇದಾರೆ?"

"ಆರು ಜನ. ಅದರಲ್ಲಿ ಕೈಕೂಸು ಒಂದು."

"ದಿನಾ ನೀರು ಹೆಂಗೆ ಕಾಯಿಸ್ತಾರೆ, ಕೇಳ್ಕೊಂಡು ಬನ್ನಿ. ಎರಡು ಮನೆಗೆ ಸೇರಿಸಿ ಒಂದೇ ಹಾಕ್ತೀನಿ."

ಅವರು ಟೀ ಪೂರ್ತಿ ಕುಡಿಯದೆ ಎದ್ದು ಹೋದರು. ಬೇಸರವಾಯಿತೇನೋ ಎಂದು ನಾನು ಬಾಗಿಲಿಗೆ ಬಂದು ನೋಡಿದೆ. ಹಿಂದಿನ ಬೀದಿಗೆ ತಿರುಗಿ, ತಮ್ಮ ಮನೆಯ ಗೇಟನ್ನು ದಾಟಿ, ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದರು.